ಚಲ್ಲಣ ತೊಟ್ಟ ಹೆಣ್ಣು ನಿಲ್ಲುವ ಬಗೆ

ಏಪ್ರಿಲ್ 16, 1611. ಮಂಗಳವಾರ

ನದಿಯ ತೇವ ಇವತ್ತೂ ಇಳಿಯಲಿಲ್ಲ. ಗಂಜಿ ಹಿಡಿಯುತ್ತಿಲ್ಲ. ಬೆಳಗ್ಗೆ ನಿಲ್ಲಿಸಿದ ಕೊರಳಪಟ್ಟಿಗಳ ನೆರಿಗೆಗಳೆಲ್ಲ ಮಧ್ಯಾಹ್ನದ ಹೊತ್ತಿಗೆ ಬಾಡಿದ ಎಲೆಕೋಸಿನಂತೆ ಜೋತುಬಿದ್ದವು. ಮತ್ತೆ ಒಲೆ ಹೊತ್ತಿಸಿ, ಕಬ್ಬಿಣದ ಕಡ್ಡಿ ಕಾಯಿಸಿ, ಒಂದೊಂದೇ ನೆರಿಗೆಯೊಳಗೆ ತೂರಿಸಿ... ನಮ್ಮ ಸೌತ್‌ವರ್ಕ್ ಪೇಟೆಯ ಅರ್ಧ ಗಂಡಸರ ಕತ್ತು ನೆಟ್ಟಗಿರುವುದು ನನ್ನ ದೆಸೆಯಿಂದ. ಅವರು ಮಾತ್ರ ತಮ್ಮ ದೈವಭಕ್ತಿಯಿಂದ ಎಂದುಕೊಂಡಿದ್ದಾರೆ.

ಕೆಳಗಿನ ಮನೆಯ ಪಾರ್ನೆಲಜ್ಜಿ, ತಿನ್ನುವ ಸಿಂಪಿ ಮಾರುವವಳು, ಮೆಟ್ಟಿಲ ಬಾಯಲ್ಲಿ ನಿಂತು ಕೂಗಿದಳು. "ಏ ಟಾಮ್ಸಿನ್, ನಿನ್ನ ಗಂಡನೋ ಹೆಂಡ್ತಿನೋ, ಬಂತು ನೋಡು." ದಿನಾ ಇದೇ ಮಾತು. ದಿನಾ ತಾನೇ ನಗುತ್ತಾಳೆ.

ಆಂಬ್ರೋಸ್ ಬಂದ. ಕಿವಿಯ ಹಿಂದೆ ಬಿಳಿ ಬಣ್ಣ ಹಾಗೇ ಇತ್ತು. ಇವತ್ತು ನಾಟಕದಲ್ಲಿ ರಾಣಿಯಾಗಿ ವಿಷ ಕುಡಿದು ಸತ್ತು ಬಂದಿದ್ದಾನೆ. ಸತ್ತ ದಿನ ಹಸಿವು ಜಾಸ್ತಿ. ಬಟಾಣಿ ಅಂಬಲಿ ಪಾತ್ರೆ ಸಮೇತ ಖಾಲಿ.

ರಂಗದ ಮೇಲೆ ಹೆಂಗಸು ಕಾಲಿಡುವ ಹಾಗಿಲ್ಲ. ಹುಡುಗರೇ ಲಂಗ ತೊಡಬೇಕು. ಇವನು ಹುಡುಗನಾಗಿದ್ದಾಗ ತೊಟ್ಟ ಲಂಗ, ಇಪ್ಪತ್ತೊಂದಾದರೂ ಕಂಪನಿಯವರು ಬಿಚ್ಚಗೊಟ್ಟಿಲ್ಲ. ಅಷ್ಟು ಚೆನ್ನಾಗಿ ಹೆಣ್ಣಾಗುತ್ತಾನೆ. ಊರೆಲ್ಲ ಅವನೊಳಗಿನ ಹೆಣ್ಣಿಗೆ ಸೋತಿದೆ. ನನ್ನ ಪಾಲಿಗೆ ಉಳಿದದ್ದು ಬರುತ್ತದೆ. ಬೆವರು, ಕೆನ್ನೆಯ ತುರಿಕೆ, ಗೊರಕೆ.

ಹೊಸ ಪಾತ್ರದ ಸುರುಳಿ ತಂದಿದ್ದಾನೆ. 'ನಾವಿಕನ ಹೆಂಡತಿ.' ಸುರುಳಿಯಲ್ಲಿ ಅವನ ಮಾತು ಪೂರ್ತಿ ಇರುತ್ತದೆ, ಎದುರಿನವರ ಮಾತಿನ ಬಾಲ ಮಾತ್ರ. ಆ ಬಾಲ ಓದಿ ಅವನಿಗೆ ಮಾತು ಎತ್ತಿಕೊಡುವವಳು ನಾನು. ಅದಕ್ಕೆಂದೇ ನನಗೆ ಅಕ್ಷರ ಕಲಿಸಿದ. ಈಗ ಈ ಹಾಳೆಗಳಲ್ಲಿ ಅವನನ್ನೇ ಆಡಿಕೊಳ್ಳುತ್ತಿದ್ದೇನೆ. ಅನುಭವಿಸಲಿ.

ಏಪ್ರಿಲ್ 18, ಗುರುವಾರ

ಕಥೆ ಚೆನ್ನಾಗಿದೆ. ಗಂಡ ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆಂಡತಿ ಚಲ್ಲಣ ತೊಟ್ಟು ನಾವಿಕನ ವೇಷದಲ್ಲಿ ಹಡಗು ಹತ್ತುತ್ತಾಳೆ. ಗಂಡ ಸಿಗುತ್ತಾನೆ. ಗುರುತು ಹಿಡಿಯುವುದಿಲ್ಲ. ಅವಳ ಪಕ್ಕದಲ್ಲೇ ಕೂತು, ಹೆಂಡತಿಯ ನೆನಪಾಗುತ್ತದೆ ಎಂದು ಅವಳಿಗೇ ಹೇಳಿಕೊಳ್ಳುತ್ತಾನೆ. ಅವಳು ಕೇಳಿಸಿಕೊಂಡು ಸುಮ್ಮನಿರಬೇಕು.

ಆಂಬ್ರೋಸ್‌ಗೆ ಇದೇ ಕಷ್ಟ. ಸುರುಳಿ ಎಸೆದು ಒಲೆಯ ಮುಂದೆ ಕುಕ್ಕರಿಸಿದ.

"ಲಂಗದಲ್ಲಿ ನಾನು ಹೆಂಗಸು ಕಣೇ. ಅದು ನಂಗೊತ್ತು. ಚಲ್ಲಣ ಹಾಕ್ಕೊಂಡ ತಕ್ಷಣ ಬರೀ ಆಂಬ್ರೋಸ್ ಆಗ್ಬಿಡ್ತೀನಿ. ಒಳಗೆ ಹೆಂಗಸಿದ್ದಾಳೆ ಅಂತ ಜನಕ್ಕೆ ಹೇಗೆ ಕಾಣ್ಬೇಕು?"

"ಚಲ್ಲಣ ಹಾಕಿದ ಹೆಂಗಸನ್ನ ನೀನು ನೋಡಿದ್ದೀಯಾ?"

"ಎಲ್ಲಿ ನೋಡ್ಲಿ? ಯಾರು ಹಾಕ್ತಾರೆ?"

ಅವನು ನನ್ನ ಕಡೆ ತಿರುಗಿದ.

"ಬೇಡ," ಅಂದೆ.

"ನಾನಿನ್ನೂ ಏನೂ ಕೇಳಿಲ್ಲ."

"ನಿನ್ನ ಮುಖ ಕೇಳ್ತು."

ಕೊನೆಗೆ ತೊಟ್ಟೆ. ಅವನ ಚಲ್ಲಣ, ಅವನ ಕಾಲುಚೀಲ, ಅವನ ಅಂಗಿ. ಅಂಗಿ ಭುಜದಲ್ಲಿ ಅವನಿಗಿಂತ ನನಗೇ ಸರಿಯಾಗಿ ಕೂತಿತು. ಅವನಿಗಿರುವುದು ಒಂದೇ ಚಲ್ಲಣ. ಚಳಿ ಎಂದು ನನ್ನ ಲಂಗ ಎಳೆದುಕೊಂಡು ಸುತ್ತಿಕೊಂಡ. ನಾನು ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಮೊದಲು ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ ಕಾಲು ತಾನೇ ಅಗಲವಾಯಿತು. ಎಷ್ಟು ಹಗುರ. ಗಂಡಸರು ದಿನವೂ ಹೀಗೆ ನಡೆಯುತ್ತಾರೆ, ಅದಕ್ಕೆ ಯಾರಿಗೂ ಧನ್ಯವಾದ ಹೇಳುವುದಿಲ್ಲ.

"ಇನ್ನೊಂದ್ಸಲ," ಅಂದ. "ಈಗ ಮೆಟ್ಟಿಲ ಹತ್ರ ಹೋಗು."

ಹೊಸ್ತಿಲು ದಾಟುವಾಗ ನನ್ನ ಬಲಗೈ ಕೆಳಗೆ ಹೋಗಿ ಲಂಗ ಎತ್ತಿತು. ಎತ್ತಲು ಲಂಗವೇ ಇರಲಿಲ್ಲ.

ಅವನು ಉಸಿರು ಹಿಡಿದ. "ಅದು," ಅಂದ. "ಅದೇ. ಅದನ್ನ ಯಾರೂ ನನಗೆ ಕಲಿಸ್ತಿರಲಿಲ್ಲ."

ಏಪ್ರಿಲ್ 19, ಶುಕ್ರವಾರ

ಬರೆಯಲೋ ಬೇಡವೋ.

ಮದುವೆಯಾಗಿ ಎರಡು ವರ್ಷ. ಒಳ್ಳೆಯವನು. ಆದರೆ ಹಾಸಿಗೆಯಲ್ಲಿ ಇಬ್ಬರೂ ಗುರುತಿಲ್ಲದವರ ಮನೆಗೆ ಬಂದ ನೆಂಟರಂತೆ, ಕೈಕಾಲು ಮುದುಡಿ. ನಿನ್ನೆ ಹಾಗಿರಲಿಲ್ಲ. ನನ್ನ ಲಂಗದಲ್ಲಿ ಕೂತ ಅವನು ಯಾರಂತೆಯೂ ನಟಿಸುತ್ತಿರಲಿಲ್ಲ. ನಾನೂ ಅಷ್ಟೇ. ನಾನೇ ಎದ್ದು ಹೋಗಿ ಅವನ ಗಲ್ಲ ಹಿಡಿದೆ. ಅವನು ಕಣ್ಣು ಮುಚ್ಚಿಕೊಂಡ.

ಸಫೋಕ್‌ನ ನಮ್ಮೂರಲ್ಲಿ ನನ್ನನ್ನು ಗಂಡುಬೀರಿ ಎನ್ನುತ್ತಿದ್ದರು. ಎತ್ತರ, ದಪ್ಪ ಮೂಳೆ, ದೊಡ್ಡ ದನಿ. ನಿನ್ನೆ ಆ ಮಾತನ್ನೇ ಅವನು ಕಿವಿಯಲ್ಲಿ ಅಂದ. ಬೈಗುಳವನ್ನು ತೊಳೆದು ಗಂಜಿ ಹಾಕಿ ಕೊಟ್ಟಂತಿತ್ತು.

ಇಷ್ಟು ಸಾಕು.

ಏಪ್ರಿಲ್ 24, ಬುಧವಾರ

ನಾಟಕಶಾಲೆಯಿಂದ ಒಂದು ಹಳೆಯ ಚಲ್ಲಣ ತಂದುಕೊಟ್ಟ. ಮೊಣಕಾಲಲ್ಲಿ ತೇಪೆ. ನನಗೆಂದೇ ಕೇಳಿ ತಂದದ್ದು. ಗಂಡಂದಿರು ಹೆಂಡತಿಗೆ ರಿಬ್ಬನ್ ತರುತ್ತಾರೆ.

"ಕೋಣೇಲಿ ನೋಡಿದ್ದು ಸಾಲ್ದು," ಅಂದ. "ಜನರ ಮಧ್ಯೆ ಹೇಗೆ ನಡೀತೀಯ ಅಂತ ನೋಡ್ಬೇಕು."

"ಸಿಕ್ಕಿಬಿದ್ರೆ?"

"ಹಿಂದೆ ನಾನಿರ್ತೀನಲ್ಲ."

ಟೋಪಿಯೊಳಗೆ ಕೂದಲು ತುರುಕಿ ನದಿಯ ದಂಡೆಗುಂಟ ಸೇತುವೆಯ ತನಕ ನಡೆದೆ. ದೋಣಿಯವನೊಬ್ಬ ಕೂಗಿದ. "ಯಜಮಾನ್ರೇ, ಆ ದಡಕ್ಕಾ?" ನನಗೆ. ಯಜಮಾನ್ರೇ ಅಂತೆ. ಒಬ್ಬನೂ ನನ್ನ ಎದೆ ನೋಡಲಿಲ್ಲ, ಒಬ್ಬನೂ ದಾರಿಗಡ್ಡ ನಿಂತು ಹಲ್ಲು ಕಿರಿಯಲಿಲ್ಲ. ಬೀದಿ ಅಷ್ಟು ಅಗಲ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕೊಚ್ಚೆ ಬಂದಾಗಲೆಲ್ಲ ನನ್ನ ಕೈ, ಇಲ್ಲದ ಲಂಗವನ್ನು ಎತ್ತಿತು. ಹಿಂದೆ ಆಂಬ್ರೋಸ್ ಪ್ರತಿಸಲವೂ ಕೆಮ್ಮಿದ. ಅದು ಅವನ ಚಪ್ಪಾಳೆ.

ಮೇ 3, ಶುಕ್ರವಾರ

'ನಾವಿಕನ ಹೆಂಡತಿ' ಗೆದ್ದಿತು. ಮೂರನೇ ಅಂಕದಲ್ಲಿ ಅವಳು ಹಡಗಿನ ಹಗ್ಗ ದಾಟುತ್ತಾಳೆ. ಕೈ ಕೆಳಗೆ ಹೋಗುತ್ತದೆ, ಇಲ್ಲದ್ದನ್ನು ಎತ್ತುತ್ತದೆ, ತಪ್ಪು ತಿಳಿದು ಸೊಂಟಕ್ಕೆ ಬರುತ್ತದೆ. ಅಷ್ಟೇ. ಗಂಡನ ಪಾತ್ರದ ಹಂಫ್ರಿ ಯಜಮಾನ ಕಂಪನಿಗೇ ಹಿರಿಯ. ಆತನೂ ಮಾತು ಮರೆತು ನಿಂತನಂತೆ.

ಅಂತೆ. ಯಾಕೆಂದರೆ ನಾನು ಮೇಲಿನ ಬಾಲ್ಕನಿಯಲ್ಲಿ ಹೆಂಗಸರ ನಡುವೆ ಕೂತಿದ್ದೆ, ಕಂಬ ಅಡ್ಡ. ನನ್ನ ಕೈಯನ್ನು ನನಗೇ ನೋಡಲಾಗಲಿಲ್ಲ.

ಮುಂದಿನ ಸಲ ಕೆಳಗೆ ಅಂಗಳದಲ್ಲಿ ನಿಂತು ನೋಡುತ್ತೇನೆ. ಚಲ್ಲಣದಲ್ಲಿ. ಕಂಬದ ದೆಸೆಯಿಂದ ಎಂದು ಬರೆಯಹೊರಟಿದ್ದೆ. ನನಗೆ ನಾನೇ ಯಾಕೆ ಸುಳ್ಳು ಹೇಳಲಿ. ರುಚಿ ಹತ್ತಿದೆ.

ಆಂಬ್ರೋಸ್‌ಗೆ ಹೇಳಿಲ್ಲ.

ಮೇ 7, ಮಂಗಳವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹೋದೆ. ಅಂಗಳದಲ್ಲಿ ಕಿಕ್ಕಿರಿದ ಜನ. ಎಡಕ್ಕೆ ಚರ್ಮ ಹದಮಾಡುವ ಇಬ್ಬರು, ಒಗ್ಗಿದ ವಾಸನೆ. ಆಂಬ್ರೋಸ್ ರಂಗಕ್ಕೆ ಬಂದ.

"ಒಳಗಿರೋದು ಗಂಡ್ಸು ಅಂತ ಗೊತ್ತಿದ್ದೂ..." ಅಂದ ಒಬ್ಬ.

"ಗೊತ್ತಿದ್ರೇನು, ಅಳು ಬರಲ್ವಾ?" ಅಂದ ಇನ್ನೊಬ್ಬ.

"ನಂಗೆ ಬರೋದು ಅಳು ಅಲ್ಲ ಕಣೋ."

ನನಗೆ ನಗು ಬಂತು. ಅವರಂತೆಯೇ ಬಾಯಿ ತೆರೆದು ನಕ್ಕೆ. ಯಾರೂ ತಿರುಗಿ ನೋಡಲಿಲ್ಲ.

ನನ್ನ ಮುಂದೆ ಒಬ್ಬ ನಿಂತಿದ್ದ. ಟೋಪಿ ಹಣೆಯ ತನಕ ಎಳೆದುಕೊಂಡಿದ್ದ. ಕೊರಳಪಟ್ಟಿ ನನ್ನದು, ಶನಿವಾರ ನಾನೇ ನಿಲ್ಲಿಸಿದ್ದು. ನನ್ನ ನೆರಿಗೆ ನನಗೆ ಗೊತ್ತಾಗದೆ ಇರುತ್ತದೆಯೇ. ಜನರ ನೂಕಾಟಕ್ಕೆ ಹಿಂಬದಿಯಲ್ಲಿ ಮಡಚಿಹೋಗಿತ್ತು. ನಾಟಕ ನೋಡಲೋ, ಆ ನೆರಿಗೆ ನೋಡಲೋ.

ಮೂರನೇ ಅಂಕ. ಆಂಬ್ರೋಸ್ ಹಗ್ಗ ದಾಟಿದ. ಕೈ ಕೆಳಗೆ ಹೋಯಿತು. ಇಡೀ ಅಂಗಳ ಸದ್ದಡಗಿತು. ಮುಂದಿನವನ ಭುಜ ಅಲುಗಾಡತೊಡಗಿತು. ಅಳುತ್ತಿದ್ದ. ಸಂಕಟ ತಡೆಯದೆ, ಮುಷ್ಟಿ ಬಾಯಿಗಿಟ್ಟುಕೊಂಡು.

ಆಗ ನನ್ನ ಎರಡು ಬೆರಳು ಹೋಗಿ ಮಡಚಿದ ನೆರಿಗೆಯನ್ನು ಎತ್ತಿ ನಿಲ್ಲಿಸಿದವು. ನಾನು ಹೇಳಿದ್ದಲ್ಲ. ಬೆರಳು ತಾವೇ ಹೋದವು. ಕಸುಬಿಗೋ, ಮರುಕಕ್ಕೋ, ಈಗಲೂ ಗೊತ್ತಿಲ್ಲ.

ಅವನು ತಿರುಗಿದ. ಮಾಸ್ಟರ್ ಗಾಡ್‌ಬೋಲ್ಟ್. ಮೇಣದಬತ್ತಿ ವ್ಯಾಪಾರಿ, ನಮ್ಮ ಚರ್ಚಿನ ಆಡಳಿತ ನೋಡುವ ವಾರ್ಡನ್, ನಾಟಕಶಾಲೆಗಳನ್ನು ಮುಚ್ಚಿಸಬೇಕೆಂದು ವರ್ಷವಿಡೀ ಅರ್ಜಿ ಬರೆಯುವ ವಿಧುರ. ಕೆನ್ನೆಯೆಲ್ಲ ಒದ್ದೆ. ಮೊದಲು ನನ್ನ ಬೆರಳು ನೋಡಿದ. ಆಮೇಲೆ ಮುಖ. ಆಮೇಲೆ ಚಲ್ಲಣ. ಇಬ್ಬರೂ ಒಬ್ಬರನ್ನೊಬ್ಬರು ಬೆತ್ತಲೆ ನೋಡಿದವರ ಹಾಗೆ ನಿಂತೆವು. ಜನರನ್ನು ತಳ್ಳಿಕೊಂಡು ಹೊರಟುಹೋದ.

ಮೇ 8, ಬುಧವಾರ

ಆಂಬ್ರೋಸ್‌ಗೆ ಎಲ್ಲ ಹೇಳಿದೆ. ಒಂಟಿಯಾಗಿ ಹೋದದ್ದಕ್ಕೆ ಮುನಿಸಿಕೊಂಡ. ಆಮೇಲೆ ಯೋಚಿಸಿ, "ಅವ್ನು ಹೇಳಲ್ಲ," ಅಂದ. "ನಿನ್ನ ಎಲ್ಲಿ ಕಂಡೆ ಅಂತ ಹೇಳ್ಬೇಕಾಗುತ್ತಲ್ಲ."

ಹೌದು. ಅದೂ ಸರಿ.

ಮೇ 10, ಶುಕ್ರವಾರ

ಹೇಳಿದ್ದಾನೆ.

ಚರ್ಚಿನ ನ್ಯಾಯಸ್ಥಾನದ ಜವಾನ ಬಂದು ಬಾಗಿಲಲ್ಲೇ ಓದಿದ. ಗಂಡಸಿನ ಉಡುಪಿನಲ್ಲಿ ತಿರುಗಾಡಿದ ಆರೋಪ. ತೇಪೆ ಚಲ್ಲಣವನ್ನೂ ಸಾಕ್ಷಿಗೆಂದು ಒಯ್ದ, ಇಲಿ ಸತ್ತರೆ ಹಿಡಿಯುವ ಹಾಗೆ ಎರಡು ಬೆರಳಲ್ಲಿ.

ಪಾರ್ನೆಲಜ್ಜಿ ಮೇಲೆ ಬಂದಳು. ಮೊದಲ ಸಲ ನಗಲಿಲ್ಲ. "ಬಿಳಿ ದುಪ್ಪಟಿ ಹೊದಿಸಿ ನಿಲ್ಲಿಸ್ತಾರೆ ಕಣೇ, ಪ್ರಾರ್ಥನೆ ಹೊತ್ತಿಗೆ, ಎಲ್ಲರ ಮುಂದೆ. ನನ್ನ ತಂಗೀನ ನಿಲ್ಸಿದ್ರು, ಬೇರೆ ವಿಷಯಕ್ಕೆ. ನೆಲ ನೋಡ್ಬೇಡ. ನೆಲ ನೋಡಿದ್ರೆ ಜಾಸ್ತಿ ಹೊತ್ತು ಅನ್ಸುತ್ತೆ."

ಮೇ 14, ಮಂಗಳವಾರ

ಆಂಬ್ರೋಸ್ ಮನೆಯಲ್ಲಿ ಪಾತ್ರ ಓದುವುದನ್ನು ಬಿಟ್ಟಿದ್ದಾನೆ. ಗೋಡೆ ಕಡೆ ಮುಖಮಾಡಿ ಮಲಗುತ್ತಾನೆ. ಲಂಗ ಮೊಳೆಯಲ್ಲಿ ನೇತಾಡುತ್ತಿದೆ, ನನ್ನದು, ನನ್ನದು ಮಾತ್ರ. ಮತ್ತೆ ನೆಂಟರಾಗಿದ್ದೇವೆ.

ಗಂಜಿ ಹಾಕಲು ಬರುತ್ತಿದ್ದ ಪಟ್ಟಿಗಳೂ ಕಡಿಮೆ. ಅದು ಹೋಗಲಿ. ಮಳೆ ಬಂದರೆ ಓಡಿ ಬರುತ್ತಾರೆ. ಆ ಏಪ್ರಿಲ್ ತಿರುಗಿ ಬರುವುದಿಲ್ಲವೇನೋ.

ಮೇ 21, ಮಂಗಳವಾರ

ನ್ಯಾಯಸ್ಥಾನ. ಚರ್ಚಿನ ಒಂದು ಮೂಲೆ, ಮೇಜು, ಶೀತ ಹಿಡಿದ ನ್ಯಾಯಾಧೀಶ, ಮೂಗು ಸೋರುತ್ತಿತ್ತು.

"ಎಲ್ಲಿ ಕಂಡಿರಿ?" ಎಂದು ಗಾಡ್‌ಬೋಲ್ಟನನ್ನು ಕೇಳಿದ.

"ಬೀದಿಯಲ್ಲಿ, ಸ್ವಾಮಿ."

ನನ್ನ ಕಡೆ ನೋಡಲಿಲ್ಲ. ಬೇರೆ ಯಾರೋ ಗಂಜಿ ಹಾಕಿದ ಪಟ್ಟಿ ಹಾಕಿಕೊಂಡಿದ್ದ. ಸೊಟ್ಟ.

ನಾನು ಬಾಯಿ ತೆರೆಯುವ ಮೊದಲೇ ಆಂಬ್ರೋಸ್ ಮುಂದೆ ಬಂದ. ಗಾಡ್‌ಬೋಲ್ಟ್ ನಾಟಕಶಾಲೆಯಲ್ಲಿದ್ದ ವಿಷಯ ಎತ್ತುತ್ತಾನೆ ಎಂದುಕೊಂಡೆ. ಎತ್ತಲಿಲ್ಲ.

"ಅವಳು ನನ್ನ ಬಟ್ಟೆ ತೊಟ್ಟಿದ್ರೆ ನಾನು ಅವಳದ್ದು ತೊಟ್ಟಿದ್ದೀನಿ ಸ್ವಾಮಿ," ಅಂದ. "ನನ್ನನ್ನೂ ನಿಲ್ಸಿ."

"ನೀನು ನಟ ತಾನೇ?" ಅಂದ ನ್ಯಾಯಾಧೀಶ. "ಲಂಗ ನಿನ್ನ ಕಸುಬು."

"ನಾಟಕಕ್ಕಲ್ಲ. ಮನೇಲಿ."

"ಯಾಕಪ್ಪಾ?"

"ಸುಮ್ನೆ. ನಮಗೆ ಬೇಕಾಗಿತ್ತು."

"ಹಾಗಾದ್ರೆ ಪಾತ್ರದ ಅಭ್ಯಾಸ ಅನ್ನು."

ಬರೆದುಕೊಳ್ಳುವವನು ನಕ್ಕ. ಜವಾನ ನಕ್ಕ. ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ಒಬ್ಬ ಸೊಂಟ ಬಳುಕಿಸಿ ತೋರಿಸಿದ. ಸಾವಿರ ಜನರನ್ನು ಬೇಕೆಂದಾಗ ನಗಿಸಿ ಬೇಕೆಂದಾಗ ನಿಲ್ಲಿಸುವವನು ನನ್ನ ಗಂಡ. ಈ ನಗುವನ್ನು ನಿಲ್ಲಿಸಲು ಅವನಿಂದ ಆಗಲಿಲ್ಲ. ಕಿವಿಯ ತನಕ ಕೆಂಪಾಗಿ ನಿಂತ.

ನನಗೆ ಭಾನುವಾರ ಪ್ರಾಯಶ್ಚಿತ್ತ. ಅವನಿಗೆ ಏನೂ ಇಲ್ಲ. ಅದೇ ಬಟ್ಟೆ, ಅದೇ ಕೋಣೆ. ನನ್ನದು ಪಾಪ, ಅವನದು ಅಭ್ಯಾಸ.

ದಾರಿಯಲ್ಲಿ ಜಗಳ.

"ಯಾಕೆ ಹೇಳ್ದೆ? ಅದು ನಮ್ದು."

"ನೀನೊಬ್ಳೇ ನಿಲ್ಬಾರ್ದು ಅಂತ ಹೇಳ್ದೆ."

"ಈಗ ನೋಡು. ಬೀದಿಯವರೆಲ್ಲ ನಮ್ಮ ಹಾಸಿಗೆ ಮೇಲೆ ಕೂತು ನಗ್ತಿದ್ದಾರೆ."

ಅವನು ಮುಂದೆ ನಡೆದುಬಿಟ್ಟ. ಒಳ್ಳೆಯದಕ್ಕೇ ಮಾಡಿದ. ಗೊತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

ಮೇ 23, ಗುರುವಾರ

ಪಾದ್ರಿ ನಾನು ಹೇಳಬೇಕಾದ್ದನ್ನು ಬರೆದು ಕಳಿಸಿದ್ದಾನೆ. 'ನಾನು ಟಾಮ್ಸಿನ್, ನಟ ಆಂಬ್ರೋಸನ ಹೆಂಡತಿ, ಸಾರ್ವಜನಿಕ ಬೀದಿಯಲ್ಲಿ ಗಂಡಸಿನ ಉಡುಪು ತೊಟ್ಟು ತಿರುಗಾಡಿ...' ಹೀಗೆ.

ಆಂಬ್ರೋಸ್ ಕೊನೆಗೂ ಮಾತಾಡಿದ. ಕಾಗದ ನನ್ನ ಕೈಯಿಂದ ತೆಗೆದುಕೊಂಡು, ಪಾದ್ರಿಯ ಮಾತಿನ ಬಾಲ ಓದಿದ, ನಾನು ಅವನಿಗೆ ಓದುವ ಹಾಗೆ. ನಾನು ನನ್ನ ಮಾತು ಹೇಳಿದೆ.

"'ಪಶ್ಚಾತ್ತಾಪ' ಅನ್ನೋ ಹತ್ರ ಅತ್ತುಬಿಡು," ಅಂದ. "ಉಸಿರು ಇಲ್ಲಿ ಹಿಡಿ, ಕಣ್ಣು ತಾನೇ ತುಂಬುತ್ತೆ. ಜನ ಮೆತ್ತಗಾಗ್ತಾರೆ."

"ನೀನು ನಿಂತ್ರೆ ಚರ್ಚಿಗೆ ಚರ್ಚೇ ಅಳುತ್ತೆ. ನಂಗೆ ಅಳೋದು ಬೇಡ."

"ಹಾಗಾದ್ರೆ ಇನ್ನೊಂದು ಮಾಡು." ದನಿ ಇಳಿಸಿದ. "'ಬೀದಿಯಲ್ಲಿ' ಅಂತ ಬರುತ್ತಲ್ಲ, ಅಲ್ಲಿ ನಿಜ ಹೇಳು. ನಾಟಕಶಾಲೇಲಿ, ವಾರ್ಡನ್ ಪಕ್ಕದಲ್ಲಿ, ಅವ್ನು ನನ್ನ ನೋಡಿ ಅಳ್ತಿದ್ದಾಗ ಅನ್ನು. ಆಮೇಲೆ ನಗೋರು ಯಾರನ್ನ ನೋಡಿ ನಗ್ತಾರೆ ನೋಡೋಣ."

ರುಚಿಯಾದ ಮಾತು. ಇಡೀ ದಿನ ನಾಲಿಗೆ ಮೇಲೆ ಇಟ್ಟುಕೊಂಡು ತಿರುಗಿದೆ.

ಮೇ 25, ಶನಿವಾರ. ಸಂಜೆ

ಗಾಡ್‌ಬೋಲ್ಟ್ ಬಂದಿದ್ದ. ಕೊರಳಪಟ್ಟಿ ಇಲ್ಲದೆ. ಕತ್ತು ಇಷ್ಟು ಸಣ್ಣದು ಎಂದು ಇಷ್ಟು ದಿನ ತಿಳಿದಿರಲಿಲ್ಲ.

"ಗಂಡ ಇದ್ದಾನಾ?"

"ನಾಟಕಶಾಲೇಲಿ. ನಿಮಗೆ ಗೊತ್ತಿರೋ ಜಾಗ."

ಮೆಟ್ಟಿಲ ಮೇಲೆ ಕುಸಿದು ಕೂತ. "ನಾಳೆ ನೀನು ಏನು ಹೇಳ್ತೀಯ ಅಂತ ಕೇಳೋಕೆ ಬಂದೆ."

"ಬರೆದುಕೊಟ್ಟಿದ್ದನ್ನ."

"ಅಷ್ಟೇನಾ?"

"ಯಾಕೆ ಸ್ವಾಮಿ, ಇನ್ನೇನಾದ್ರೂ ಉಂಟಾ?"

ಕೈಯಲ್ಲಿ ಟೋಪಿ ತಿರುಗಿಸಿದ. "ನೀನೇ ಮೊದಲು ಊರಿಗೆಲ್ಲ ಹೇಳಿಬಿಡ್ತೀಯ ಅಂತ ಹೆದರಿದೆ. ಅದಕ್ಕೆ ನಾನು ಮೊದಲು ಹೇಳಿದೆ."

"ನಾನು ಯಾರಿಗೂ ಹೇಳ್ತಿರಲಿಲ್ಲ."

"ಅದು ಆಮೇಲೆ ಗೊತ್ತಾಯ್ತು."

ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. "ಅವ್ನು ಅದನ್ನ ಎಲ್ಲಿ ಕಲ್ತ?" ಅಂದ. "ಹಗ್ಗ ದಾಟೋವಾಗ. ಆ ಕೈ."

"ಮನೇಲಿ."

"ಅದು ಗಂಡಸಿನ ಕೈ ಅಂತ ನಂಗೊತ್ತು. ಆ ಕ್ಷಣ ಅಲ್ಲ ಅನ್ಸುತ್ತೆ. ಹೆಂಗಸಿಂದೂ ಅಲ್ಲ. ನನ್ನ ಹೆಂಡತಿ ಬದುಕಿದ್ದಾಗಲೂ ನಂಗೆ ಹಾಗೆ..." ನಿಲ್ಲಿಸಿದ. "ಅದನ್ನ ಏನಂತ ಕರೀಬೇಕೋ ಗೊತ್ತಿಲ್ಲ ಟಾಮ್ಸಿನ್. ಪಾದ್ರಿ ಹತ್ರ ಅದಕ್ಕೆ ಇರೋ ಹೆಸರು ಒಂದೇ. ಅದನ್ನ ಬಾಯಲ್ಲಿ ಆಡೋ ಹಾಗಿಲ್ಲ."

ಕ್ಷಮಿಸಿದೆ ಎಂದು ಬರೆದರೆ ಸುಳ್ಳು. ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವನು ಅತ್ತದ್ದು ನನ್ನ ಕೈಗೆ, ಆಂಬ್ರೋಸನ ಮೈಯಲ್ಲಿ. ಅದನ್ನು ಅವನಿಗೆ ಹೇಗೆ ಹೇಳಲಿ. ಹೇಳಲಿಲ್ಲ.

"ನಾಳೆ ನನ್ನ ಕೈಗೆ ಪ್ರಾಯಶ್ಚಿತ್ತದ ಬಿಳಿ ಕೋಲು ಕೊಡೋರು ವಾರ್ಡನ್ ತಾನೇ?" ಅಂದೆ.

"ಹೌದು."

"ಹಾಗಾದ್ರೆ ಬೇಗ ಮಲಗಿ. ಕೈ ನಡುಗಬಾರ್ದು."

ಮಾತು ಕೊಟ್ಟಿಲ್ಲ ಅವನಿಗೆ. ಯಾಕೆ ಕೊಡಬೇಕು. ಆಂಬ್ರೋಸ್ ಬಂದಾಗಲೂ ಈ ಸುದ್ದಿ ಎತ್ತಲಿಲ್ಲ. ನಾಳೆ ಆ ಜಾಗ ಬಂದಾಗ ಬಾಯಲ್ಲಿ ಏನು ಬರುತ್ತದೋ ನನಗೇ ಗೊತ್ತಿಲ್ಲ.

ಮೇ 26, ಭಾನುವಾರ

ಆಯಿತು.

ಬರಿಗಾಲು, ಮೈತುಂಬ ದುಪ್ಪಟಿ, ತಲೆಯ ಮೇಲೆ ಏನೂ ಇಲ್ಲ. ಕಲ್ಲು ನೆಲ ತಣ್ಣಗೆ ಕೊರೆಯುತ್ತಿತ್ತು. ಗಾಡ್‌ಬೋಲ್ಟ್ ಕೋಲು ತಂದುಕೊಟ್ಟ. ಕೈ ನಡುಗಿತು, ಹೇಳಿದ್ದರೂ.

ಪಾರ್ನೆಲಜ್ಜಿ ಹೇಳಿದಂತೆ ನೆಲ ನೋಡಲಿಲ್ಲ. ಜನರನ್ನು ನೋಡಿದೆ. ಎಲ್ಲರೂ ಕೊರಳಪಟ್ಟಿಗಳು. ಮುಖವನ್ನು ಆಮೇಲೆ ಗುರುತು ಹಿಡಿದೆ. ಗಂಡಸರ ಕಡೆಯ ಸಾಲಿನ ತುದಿಯಲ್ಲಿ ಆಂಬ್ರೋಸ್. ಪಾದ್ರಿ ಮಾತು ಎತ್ತಿಕೊಟ್ಟ. ನಾನು ಶುರುಮಾಡಿದೆ. ಆಂಬ್ರೋಸನ ತುಟಿಯೂ ನನ್ನ ಜೊತೆಗೆ ಅಲುಗಾಡಿತು. ಅವನಿಗೆ ಪೂರ್ತಿ ಬಾಯಿಪಾಠ.

'ನಾನು ಟಾಮ್ಸಿನ್, ನಟ ಆಂಬ್ರೋಸನ ಹೆಂಡತಿ...'

ಆ ಜಾಗ ಬಂತು. ನಿಂತೆ. ಆಂಬ್ರೋಸನ ತುಟಿಯೂ ನಿಂತಿತು. ಕಂಬಕ್ಕೆ ಒರಗಿದ್ದ ಗಾಡ್‌ಬೋಲ್ಟ್ ಕಣ್ಣು ಮುಚ್ಚಿಕೊಂಡ. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು, ನಾನು ಮರೆತೆ ಎಂದುಕೊಂಡು. ಆ ಕಿಸಕ್ಕು ಕೇಳಿದ್ದೇ ನ್ಯಾಯಸ್ಥಾನದ ಬಾಗಿಲು ನೆನಪಾಯಿತು. ಸೊಂಟ ಬಳುಕಿಸಿದವನು ನೆನಪಾದ. ನನ್ನ ಒಂದು ಮಾತಿಗೆ ಅದೇ ನಗು ಹೆಪ್ಪುಗಟ್ಟಿ ಕಾದಿತ್ತು, ಇನ್ನೊಬ್ಬನ ಮೇಲೆ ಬೀಳಲು.

'...ಸಾರ್ವಜನಿಕ ಬೀದಿಯಲ್ಲಿ,' ಅಂದೆ.

ಉಳಿದದ್ದನ್ನೂ ಹೇಳಿದೆ. 'ಪಶ್ಚಾತ್ತಾಪ' ಎಂಬ ಮಾತನ್ನು ಅಂಗಡಿಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಹೇಳಿದೆ. ಜನಕ್ಕೆ ರುಚಿಸಲಿಲ್ಲ. ಹೊರಗೆ ಬರುವಾಗ ಒಬ್ಬಳು ಅಂದಳು, "ಗಂಡ ಅಷ್ಟು ದೊಡ್ಡ ನಟ, ಇವಳಿಗೆ ಅಳೋದೂ ಬರಲ್ಲ."

ಸಂಜೆ

ಆಂಬ್ರೋಸ್ ನನ್ನ ಕಾಲಿಗೆ ಬಿಸಿನೀರು ಕಾಯಿಸಿಕೊಟ್ಟ. ಬಟ್ಟಲ ಮುಂದೆ ಕೂತು, "ಯಾಕೆ ಬಿಟ್ಟೆ ಅವನನ್ನ?" ಅಂದ. ಕೋಪ ಇರಲಿಲ್ಲ ದನಿಯಲ್ಲಿ.

"ಅವತ್ತು ನಿನ್ನ ನೋಡಿ ನಕ್ಕರಲ್ಲ. ಆ ಸದ್ದು ಇನ್ನೊಂದ್ಸಲ ನನ್ನ ಬಾಯಿಂದ ಹೊರಡಬಾರ್ದು ಅನ್ಸ್ತು."

ಅವನು ನನ್ನ ಹಿಮ್ಮಡಿ ಉಜ್ಜಿದ.

"ನಮಗೆ ಒಂದು ಕೋಣೆಯಾದ್ರೂ ಇದೆ ಆಂಬ್ರೋಸ್," ಅಂದೆ. "ಆ ಮನುಷ್ಯನಿಗೆ ಇರೋದು ಅಂಗಳದಲ್ಲಿ ನಿಲ್ಲೋಷ್ಟು ಜಾಗ. ಅದೂ ಟೋಪಿ ಎಳ್ಕೊಂಡು."

"ಆ ಕೋಣೇನ ನಾನೇ ಬೀದಿಗೆ ಇಟ್ಟೆ."

"ಇಟ್ಟೆ. ಮತ್ತೆ ಒಳಗೆ ತಗೊಂಡು ಬಾ."

ಕೆಳಗೆ ಪಾರ್ನೆಲಜ್ಜಿ ಯಾರಿಗೋ ಜೋರಾಗಿ ಹೇಳುತ್ತಿದ್ದಳು, "ಹುಡುಗಿ ನೆಲ ನೋಡ್ಲಿಲ್ಲ ಕಣ್ರೀ, ಒಂದ್ಸಲ ಕೂಡ." ಆಂಬ್ರೋಸ್ ಎದ್ದು ಬಾಗಿಲಿಗೆ ಅಗಳಿ ಹಾಕಿದ. ತನ್ನ ಚಲ್ಲಣ ಬಿಚ್ಚಿ, ಮಡಿಸಿ, ನನ್ನ ತೊಡೆಯ ಮೇಲೆ ಇಟ್ಟ. ನಾನಾಗಿ ಕೇಳಲಿಲ್ಲ. ಮೊಳೆಯಿಂದ ಲಂಗ ತೆಗೆದುಕೊಂಡು ಪರದೆಯ ಹಿಂದೆ ಹೋದ.

ಅದಕ್ಕೇ ಇಷ್ಟು ಬರೆಯಲು ಪುರುಸೊತ್ತು ಸಿಕ್ಕಿತು. ಮೈ ಬೆಚ್ಚಗಾಗಿದೆ. ನಾನು ತೊಟ್ಟ ಚಲ್ಲಣದಲ್ಲಿ ಅವನ ಬಿಸಿ ಇನ್ನೂ ಆರಿಲ್ಲ.

ಕರೆಯುತ್ತಿದ್ದಾನೆ. ಬೆನ್ನ ಕಡೆಯ ದಾರ ಅವನ ಕೈಗೆ ಎಟುಕುವುದಿಲ್ಲವಂತೆ. ಬಂದೆ ಅಂದೆ. ಮಸಿ ಮೆತ್ತಿದ ಬೆರಳು ಒರೆಸಿಕೊಂಡು ಹೋಗುತ್ತೇನೆ.